ಹಿಂಬಾಗಿಲ ನೀರು

ಅಕ್ಟೋಬರ್ 3, ಶುಕ್ರವಾರ. ಬೆಳಗ್ಗೆ 6.20

ಅಂಗಳದ ಟ್ರೇಲರಿನ ಎಡ ಬಾಗಿಲು ಒದ್ದೆ. ಬಲ ಬಾಗಿಲು ಒದ್ದೆ, ಸ್ವಲ್ಪ ಕಡಿಮೆ. ಒರೆಸಿದ ಬಟ್ಟೆ ಹಿಂಡಿದರೆ ಅರ್ಧ ಲೋಟ ನೀರು. ರಾತ್ರಿ ಮಳೆ ಇಲ್ಲ. ಮಂಜೂ ಅಂಥದ್ದೇನಿಲ್ಲ.

ನೀರು ಗೆರೆಗೆರೆಯಾಗಿ ಇಳಿದಿದೆ. ಬಾಗಿಲಿನೊಳಗೆ ಕಬ್ಬಿಣದ ಪಟ್ಟಿ ಇರುವಲ್ಲೆಲ್ಲ ಒಂದೊಂದು ಗೆರೆ, ಬಡಕಲು ದನದ ಪಕ್ಕೆಲುಬಿನ ಹಾಗೆ. ಅಂದರೆ ಪಟ್ಟಿಗೆ ಹೊಡೆದ ರಿವೆಟ್‌ಗಳಿಂದ ಸೋರಿಕೆ. ಬೇರೆ ಇರಲಾರದು.

ಹೆಂಡತಿ ತಲೆದಿಂಬು ಎತ್ತಿ ತೋರಿಸಿದಳು. ಒಂದು ಮೂಲೆ ಕಪ್ಪಗೆ ನೆನೆದಿತ್ತು. ದಿಂಬು ಕಂಕುಳಲ್ಲಿ ಇಟ್ಟುಕೊಂಡು ಅಂಗಳ ದಾಟಿ ಮನೆಯೊಳಗೆ ಹೋದಳು. ನಾಲ್ಕು ಮಾತು ಬೈದಿದ್ದರೆ ವಾಸಿ ಇತ್ತು.

ಸಂಜೆ 7.30

ಬೈದಳು. ಆದರೆ ಮೆಲ್ಲಗೆ. ಅದು ಇನ್ನೂ ಕಷ್ಟ.

ನವೆಂಬರ್ ಒಂದರಿಂದ ಹತ್ತರವರೆಗೆ ಅವಳ ಲ್ಯಾಬ್‌ನಲ್ಲಿ ರಜೆ ಮಂಜೂರಾಗಿದೆ. ಟ್ರೇಲರ್ ಕಟ್ಟಿಕೊಂಡು ಕೆರೆಯ ದಂಡೆಗೆ ಹೋಗುವುದು ಎಂದು ಮಾತಾಗಿತ್ತು. ಈಗ ಅವಳ ಅಕ್ಕ, ಭಾವ ಅದೇ ದಂಡೆಯ ಗೆಸ್ಟ್‌ಹೌಸಿನಲ್ಲಿ ರೂಮು ಹಿಡಿದಿದ್ದಾರೆ. ಮೂರನೇ ಮಂಚ ಖಾಲಿ ಇದೆಯಂತೆ. ಇಪ್ಪತ್ತಾರರೊಳಗೆ ಹೇಳಬೇಕಂತೆ. ಸೆಪ್ಟೆಂಬರಿನ ಮೊದಲ ಪ್ರಯಾಣದಲ್ಲಿ ಒದ್ದೆ ಹೊದಿಕೆಯಲ್ಲಿ ಮಲಗಿ ಹದಿನೈದು ದಿನ ಕೆಮ್ಮಿದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಥಂಡಿ ತಾಗಿಸಿಕೊಳ್ಳಬೇಡಿ ಎಂದಿದ್ದಾರೆ.

"ಬಾಗಿಲು ಒಣಗಿದ್ರೆ ನಿಮ್ಮ ಜೊತೆ. ಇಲ್ಲಾಂದ್ರೆ ನಾನು ಅಕ್ಕನ ಜೊತೆ ಹೋಗ್ತೀನಿ. ನೀವು ಆ ಡಬ್ಬ ಯಾರಿಗಾದ್ರೂ ಕೊಟ್ಟುಬಿಡಿ."

ಡಬ್ಬ. ಮೊದಲು ಪಾರ್ಸೆಲ್ ಸಾಗಿಸುತ್ತಿದ್ದ ಟ್ರೇಲರ್. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ. ಹಿಂದೆ ಎರಡು ರೆಕ್ಕೆಯ ಬಾಗಿಲು, ಅದಕ್ಕೆ ತಾಗಿ ಅಡ್ಡಲಾಗಿ ಹಾಸಿಗೆ. ಬಾಗಿಲ ಕಡೆಯ ಜಾಗ ಅವಳು ಕೇಳಿ ಹಿಡಿದದ್ದು. ಬೆಳಗ್ಗೆ ಮಲಗಿದಲ್ಲಿಂದಲೇ ಚಿಲಕ ತೆಗೆದು ನೀರು ನೋಡಬಹುದು ಎಂದು. ಒಳಚಿಲಕ ನಾನೇ ಕೂಡಿಸಿದ್ದೆ.

ನಾನು ಬಾಗಿಲ ಕಡೆ ಮಲಗುತ್ತೇನೆ ಅಂದೆ. ನಿಮ್ಮ ಕಡೆ ನೆಂದರೆ ನನ್ನ ಕಡೆ ಒಣಗಿರುತ್ತದೆಯೇ, ಹೊದಿಕೆ ಒಂದೇ ಅಲ್ಲವೇ ಎಂದು ಕೇಳಿದಳು.

ಇಪ್ಪತ್ತಾರು ವರ್ಷದಲ್ಲಿ ಇಬ್ಬರೂ ಕೂಡಿ ನಾಲ್ಕು ದಿನ ಎಲ್ಲಿಯೂ ಇದ್ದದ್ದಿಲ್ಲ. ಎಲ್ಲಿಗೆ ಹೊರಟರೂ ನನ್ನ ನೀರು ಸರಬರಾಜು ಇಲಾಖೆಯಿಂದ ಎಲ್ಲೋ ಪೈಪು ಒಡೆದ ಫೋನು. ಅದಕ್ಕೇ ಈ ಟ್ರೇಲರ್ ತಂದದ್ದು. ಊರಿನ ಸೋರಿಕೆಯೆಲ್ಲ ಹುಡುಕಿಕೊಟ್ಟವನಿಗೆ ಆರು ಅಡಿ ಬಾಗಿಲಿನದು ಸಿಕ್ಕದಿದ್ದರೆ…

ಸಿಗುತ್ತದೆ.

ಅಕ್ಟೋಬರ್ 4, ಶನಿವಾರ

ಎಡ ಬಾಗಿಲಿನ ಒಳ ಪ್ಲೈವುಡ್ ಬಿಚ್ಚಿದೆ. ಹದಿನೆಂಟು ಸ್ಕ್ರೂ. ಎರಡರ ತಲೆ ಸವೆದು ಡ್ರಿಲ್‌ನಿಂದ ಕೊರೆದು ತೆಗೆಯಬೇಕಾಯಿತು.

ಆಗಸ್ಟಿನಲ್ಲಿ ಪಟ್ಟಿ ಪಟ್ಟಿಯ ನಡುವೆ ಫೋಮ್ ಬೋರ್ಡ್ ಕತ್ತರಿಸಿ ಕೂಡಿಸಿದ್ದೆ. ಕೋಲ್ಡ್ ಸ್ಟೋರೇಜಿನ ಮೆಕ್ಯಾನಿಕ್ ಕೊಟ್ಟ ತುಂಡುಗಳು, ಒಂದಂಗುಲ ದಪ್ಪ. ಈಗ ನೋಡಿದರೆ ಬೋರ್ಡ್ ಒಣಗಿದೆ. ಬೋರ್ಡಿಗೂ ಪಟ್ಟಿಗೂ ನಡುವೆ ಬೆರಳ ಸಂದು. ಅಲ್ಲೇ ನೀರು ಓಡಾಡುತ್ತಿದೆ.

ಸ್ಪ್ರೇ ಫೋಮ್ ಎರಡು ಡಬ್ಬಿ ತಂದು ಸಂದುಗಳಿಗೆಲ್ಲ ಊದಿದೆ. ಡಬ್ಬಿಯ ಮೇಲೆ 'ಸ್ವಲ್ಪವೇ ಹಾಕಿ' ಎಂದು ಬರೆದಿತ್ತು. ಸ್ವಲ್ಪ ಎಂದರೆ ಎಷ್ಟು ಎಂದು ಬರೆದಿರಲಿಲ್ಲ. ಎರಡೂ ಡಬ್ಬಿ ಮುಗಿಸಿ ಪ್ಲೈವುಡ್ ಬಿಗಿದೆ. ಬಲ ಬಾಗಿಲಿಗೂ ಹಾಗೆಯೇ ಇನ್ನೆರಡು ಡಬ್ಬಿ. ಬೆನ್ನು ಹಿಡಿದಿದೆ. ಆದರೆ ಕೆಲಸ ಗಟ್ಟಿ.

ಅಕ್ಟೋಬರ್ 5, ಭಾನುವಾರ

ಗಟ್ಟಿಯೇ ಆಯಿತು. ಫೋಮ್ ರಾತ್ರಿಯಿಡೀ ಉಬ್ಬಿ ಪ್ಲೈವುಡ್ ಅನ್ನು ಮುಂದೆ ತಳ್ಳಿದೆ. ಎರಡೂ ಬಾಗಿಲಿಗೆ ಹೊಟ್ಟೆ ಬಂದಿದೆ. ಹಾಸಿಗೆಯ ಹಲಗೆಗೆ ಬಡಿದು ಮುಚ್ಚುವುದಿಲ್ಲ. ಲಾಕಿನ ಸರಳು ಕೊಕ್ಕೆಗೆ ಎರಡು ಬೆರಳು ದೂರ.

ಭಾವಮೈದುನನನ್ನು ಕರೆಸಿದೆ. ಅವನು ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸ ಮಾಡುವವನು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲ ಹೊಟ್ಟೆ ಸವರಿ, ಎಷ್ಟು ತಿಂಗಳು ಎಂದು ಕೇಳಿದ. ಆಮೇಲೆ ಭುಜ ಕೊಟ್ಟು ಒತ್ತಿದ. ನಾನೂ ಒತ್ತಿದೆ. ಒಳಗೆ ಏನೋ ಟಪ್ ಅಂತು. ಬಾಗಿಲು ಜಗ್ಗಲಿಲ್ಲ.

"ಭಾವ, ಮೂಗಿಗಿಂತ ಮೂಗುತಿ ಭಾರ ಆಗಿದೆ. ಬಿಚ್ಚಿ."

ಬಿಚ್ಚಿದೆ. ಗಟ್ಟಿಯಾದ ಫೋಮನ್ನು ಅಡುಗೆಮನೆಯ ಬ್ರೆಡ್ ಚಾಕುವಿನಿಂದ ಸಂಜೆಯವರೆಗೆ ಕೊಯ್ದೆ. ಕೈಗೆ, ಕೂದಲಿಗೆ, ಕನ್ನಡಕಕ್ಕೆ ಅಂಟಿತು. ಅವಳು ಒಮ್ಮೆ ಬಾಗಿಲಿಗೆ ಬಂದು ನೋಡಿ, ಆ ಚಾಕು ಇನ್ನು ಒಳಗೆ ತರಬೇಡಿ ಎಂದಷ್ಟೇ ಹೇಳಿ ಹೋದಳು.

ಅಕ್ಟೋಬರ್ 8, ಬುಧವಾರ

ಪ್ಲೈವುಡ್ ಮತ್ತೆ ಸಪಾಟಾಗಿ ಕೂತಿದೆ. ಬಾಗಿಲು ಮುಚ್ಚುತ್ತದೆ. ಹೊರಗಿನ ಮೂವತ್ತಾರು ರಿವೆಟ್ ತಲೆಗೂ ಸಿಲಿಕೋನ್ ಹಚ್ಚಿದೆ. ಅಂಚಿಗೆ ಹೊಸ ರಬ್ಬರ್.

ನಿನ್ನೆ ರಾತ್ರಿ ಇಬ್ಬರೂ ಮಲಗಿದೆವು. ಬೆಳಗ್ಗೆ ಅದೇ ಪಕ್ಕೆಲುಬು. ಅವಳು ಮಲಗುವ ಮುಂಚೆ, ಒಳಗೆ ಗಾಳಿ ಸಾಲದು, ಆ ಚಾವಣಿಯ ಗಾಳಿಕಿಂಡಿಯ ಮುಚ್ಚಳ ಸ್ವಲ್ಪ ತೆಗೆಯಿರಿ ಅಂದಳು. ಅಲ್ಲಿಂದಲೂ ನೀರು ಬರಬಹುದು ಎಂದು ತೆಗೆಯಲಿಲ್ಲ. ಗಾಳಿಯ ದೂರು ಬರೀ ಅಭ್ಯಾಸದ ವಿಷಯ. ನಾಲ್ಕು ರಾತ್ರಿ ಕಳೆದರೆ ಹೊಂದಿಕೊಳ್ಳುತ್ತಾಳೆ.

ಆಫೀಸಿನಿಂದ ಆಲಿಸುವ ಸರಳು ತಂದಿದ್ದೆ. ರಸ್ತೆಯ ಕೆಳಗೆ ಪೈಪು ಸೋರಿದರೆ ಸರಳಿನ ಒಂದು ತುದಿ ನೆಲಕ್ಕೆ, ಇನ್ನೊಂದು ಕಿವಿಗೆ. ಸುಯ್ ಎಂಬ ಸದ್ದು ಹೇಳಿಬಿಡುತ್ತದೆ. ಭಾವಮೈದುನ ಹೊರಗಿನಿಂದ ಪೈಪ್ ಹಿಡಿದು ನೀರು ಬಿಟ್ಟ, ನಾನು ಒಳಗೆ ಸರಳು ಹಿಡಿದು ಇಂಚಿಂಚು ಕೇಳಿದೆ. ಒಂದು ಗಂಟೆ. ಕೇಳಿದ್ದು ಅವನು ಹಾಡಿಕೊಳ್ಳುತ್ತಿದ್ದ ಹಾಡು ಮಾತ್ರ. ಒಂದು ಹನಿ ಒಳಗೆ ಬರಲಿಲ್ಲ.

ಬಾಗಿಲಿಗೆ ಏನೂ ಆಗಿಲ್ಲ, ನೀವು ಬೈದದ್ದಕ್ಕೆ ರಾತ್ರಿ ಕೂತು ಅಳುತ್ತಿದೆ ಎಂದ. ನಗು ಬರಲಿಲ್ಲ.

ಅಕ್ಟೋಬರ್ 11, ಶನಿವಾರ

ಬಣ್ಣದ ಪರೀಕ್ಷೆ. ಇಲಾಖೆಯಲ್ಲಿ ಕೊನೆಯ ಅಸ್ತ್ರ ಇದೇ. ನೀರಿಗೆ ಬಣ್ಣ ಬೆರೆಸಿ ಒಂದು ಕಡೆ ಬಿಡುವುದು, ಎಲ್ಲಿ ಹೊರಬರುತ್ತದೋ ನೋಡುವುದು. ಬಟ್ಟೆಗೆ ಹಾಕುವ ನೀಲಿ ಎರಡು ಬಾಟಲಿ ಬಕೆಟ್ಟಿಗೆ ಸುರಿದು ಹೊರಗಿನಿಂದ ಬಾಗಿಲಿಗೆ ಎರಚಿದೆ, ಕತ್ತಲಾಗುವವರೆಗೆ. ಅಂಗಳ ನೀಲಿ. ಪಕ್ಕದ ಮನೆಯ ಗೋಡೆಯ ಬುಡ ನೀಲಿ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರ ನಿಂತು, ಇದು ಯಾತಕ್ಕೆ ಎಂದು ಕೇಳಲಿಲ್ಲ. ಎಷ್ಟು ದಿನ ಎಂದು ಕೇಳಿದರು.

ಇವತ್ತು ಇಬ್ಬರೂ ಮಲಗುತ್ತೇವೆ. ಬೇಡಿಕೊಂಡ ಮೇಲೆ ಒಪ್ಪಿದ್ದಾಳೆ. ನಾಳೆ ನೀಲಿ ಗೆರೆ ಎಲ್ಲಿದೆಯೋ ಅಲ್ಲೇ ತೂತು.

ಅಕ್ಟೋಬರ್ 12, ಭಾನುವಾರ. ಬೆಳಗ್ಗೆ 7

ಒದ್ದೆ. ನೀಲಿ ಇಲ್ಲ. ಬಿಳಿ ಬಟ್ಟೆಯಿಂದ ಒರೆಸಿದೆ, ಕಿಟಕಿಯ ಬೆಳಕಿಗೆ ಹಿಡಿದೆ. ತಿಳಿ ನೀರು, ಕುಡಿಯಬಹುದು.

ಯೋಚಿಸಿದೆ. ಒಂದೇ ಸಾಧ್ಯತೆ: ಬಣ್ಣ ಫೋಮಿನಲ್ಲಿ ಸೋಸಿಹೋಗಿದೆ. ಫೋಮ್ ಫಿಲ್ಟರ್ ಆಗಿದೆ.

ಅದೇ ದಿನ, ಮಧ್ಯಾಹ್ನ

ಜಗಳ ಆಯಿತು. ತಪ್ಪು ನನ್ನದೇ ಇರಬಹುದು. ನೀನು ತಲೆ ಒರೆಸಿದ ಟವೆಲ್ಲನ್ನು ಬಾಗಿಲಿಗೆ ನೇತು ಹಾಕಿದ್ದೆಯಾ ಎಂದು ಕೇಳಿದೆ. ಫ್ಲಾಸ್ಕಿನ ಮುಚ್ಚಳ ಸರಿಯಾಗಿ ತಿರುಗಿಸಿದ್ದೆಯಾ ಎಂದೂ. ಸಾಧ್ಯತೆಗಳನ್ನು ಒಂದೊಂದಾಗಿ ಹೊಡೆದುಹಾಕುವುದು ನನ್ನ ಪದ್ಧತಿ. ಆಫೀಸಿನಲ್ಲಿ ಯಾರೂ ಇದಕ್ಕೆ ಸಿಟ್ಟಾಗುವುದಿಲ್ಲ.

ಅವಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ನಾನು ಏನು ಹೇಳಿದ್ರೂ ನಿಮಗೆ ಎಲ್ಲೋ ಸೋರ್ತಿದೆ ಅಂತಲೇ ಕೇಳಿಸುತ್ತೆ. ನಾನೇನು ಪೈಪಾ?"

ಇನ್ನು ಪರೀಕ್ಷೆಗೆ ಬರುವುದಿಲ್ಲವಂತೆ. ಕೊನೆಗೆ ಒಂದೇ ರಾತ್ರಿ, ಇಪ್ಪತ್ತೈದರಂದು. ಮರುದಿನ ಬೆಳಗ್ಗೆ ಎಂಟಕ್ಕೆ ಅಕ್ಕನ ಫೋನು ಬರುತ್ತದೆ. ಆಗ ಉತ್ತರ ಹೇಳುತ್ತಾಳಂತೆ.

ಅಕ್ಟೋಬರ್ 13, ಸೋಮವಾರ

ಎಲ್ಲ ಮುಚ್ಚಿದೆ. ಚಾವಣಿಯ ಮುಚ್ಚಳದ ಸುತ್ತ ಸಿಲಿಕೋನ್. ಪಕ್ಕದ ಕಿಟಕಿಯ ಅಂಚಿಗೆ ಟೇಪು. ನೆಲದಲ್ಲಿ ವೈರ್ ಬರುವ ತೂತಿಗೆ ಮೇಣ. ಬಾಗಿಲಿಗೆ ಎರಡನೇ ಸುತ್ತು ರಬ್ಬರ್. ಇನ್ನು ಇರುವೆಯೂ ಅರ್ಜಿ ಹಾಕಿಕೊಂಡು ಬರಬೇಕು.

ಅಕ್ಟೋಬರ್ 14, ಮಂಗಳವಾರ. ಬೆಳಗ್ಗೆ 6

ಒಬ್ಬನೇ ಮಲಗಿದ್ದೆ. ಇಬ್ಬರು ಮಲಗಿದಾಗಿನಷ್ಟೇ ನೀರು. ಸ್ವಲ್ಪ ಹೆಚ್ಚೇ ಎನ್ನಬೇಕು. ಚಾವಣಿಯಲ್ಲೂ ಈಗ ಹನಿ.

ಮುಚ್ಚಿದಷ್ಟೂ ಹೆಚ್ಚುವ ಸೋರಿಕೆಯನ್ನು ನನ್ನ ಸರ್ವೀಸಿನಲ್ಲಿ ಕಂಡಿಲ್ಲ. ಸಿಟ್ಟು ತಡೆಯದೆ ಬಾಗಿಲಿಗೆ ಒದ್ದೆ. ಕಾಲಿನ ಹೆಬ್ಬೆರಳು ಊದಿದೆ. ಬಾಗಿಲಿಗೆ ಏನೂ ಆಗಿಲ್ಲ.

ಅಕ್ಟೋಬರ್ 19, ಭಾನುವಾರ. ಮಧ್ಯಾಹ್ನ 3

ನಾಲ್ಕು ದಿನ ಬರೆಯಲಿಲ್ಲ. ಹದಿನೈದರಂದು ಆಫೀಸಿನ ಫೋನು. ಪಂಪ್‌ಹೌಸಿನ ಹತ್ತಿರ ಮುಖ್ಯ ಪೈಪು ಒಡೆದು ಅರ್ಧ ಊರಿಗೆ ನೀರಿಲ್ಲ. ಇನ್ನು ಕರೆದರೂ ಹೋಗುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಹೋದೆ. ಹೊರಡುವಾಗ ಅವಳು ಟಾರ್ಚಿಗೆ ಹೊಸ ಸೆಲ್ಲು ಹಾಕಿ ಕೈಗೆ ಕೊಟ್ಟಳು. ಮುಖ ನೋಡಲಿಲ್ಲ. ನಾಲ್ಕು ದಿನವೂ ಬಿಡದೆ ಮಳೆ. ಗುಂಡಿಯಲ್ಲಿ ಸೊಂಟದವರೆಗೆ ನೀರು. ಟ್ರೇಲರ್ ಒಳಗೆ ಕೆರೆಯಾಗಿರಬೇಕು ಎಂದುಕೊಂಡೇ ಕೆಲಸ ಮಾಡಿದೆ.

ಇವತ್ತು ಬಂದವನು ಮನೆಗೆ ಹೋಗಲಿಲ್ಲ. ನೇರ ಟ್ರೇಲರ್ ಬಾಗಿಲು ತೆಗೆದೆ.

ಒಣಗಿದೆ.

ಎಡ, ಬಲ, ಅಂಚು, ಕೆಳಮೂಲೆ. ಕೈ ಸವರಿದರೆ ಧೂಳು ಹತ್ತಿತು. ನಾಲ್ಕು ದಿನದ ಜಡಿಮಳೆಗೆ ಒಂದು ಹನಿ ಒಳಗೆ ಬಂದಿಲ್ಲ.

ಖುಷಿಯಾಗಬೇಕಿತ್ತು. ಸಿಟ್ಟು ಬಂತು. ಹಾಗಾದರೆ ಆ ನೀರು ಎಲ್ಲಿಂದ? ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹಾಸಿಗೆಯ ಮೇಲೆ ಕುಳಿತೆ. ಹೊರಗೆ ಚಳಿ. ಮೈ ಬಿಸಿ, ಒದ್ದೆ ಬಟ್ಟೆ, ಏದುಸಿರು. ಎಷ್ಟು ಹೊತ್ತು ಕುಳಿತೆನೋ. ಕಿಟಕಿಯ ಗಾಜು ಮಂಜಾಯಿತು. ಬೆರಳಿನಿಂದ ಒಂದು ಗೆರೆ ಎಳೆದೆ, ಮತ್ತೆ ಮಂಜಾಯಿತು. ಬಾಗಿಲಿನಲ್ಲಿ ಕಬ್ಬಿಣದ ಪಟ್ಟಿ ಇರುವ ಕಡೆ ಪ್ಲೈವುಡ್ ಮುಟ್ಟಿದೆ. ತಣ್ಣಗೆ, ತುಸು ಜಿಗುಟು.

ಡೈರಿಯ ಹಿಂದಿನ ಪುಟಗಳನ್ನು ತಿರುವಿ ಒಂದು ಪಟ್ಟಿ ಮಾಡಿದೆ.

ಮಳೆ ಇಲ್ಲ, ಇಬ್ಬರು — ಒದ್ದೆ.
ಮಳೆ ಇಲ್ಲ, ಒಬ್ಬ, ಎಲ್ಲ ಮುಚ್ಚಿದೆ — ಒದ್ದೆ.
ಮಳೆ, ಯಾರೂ ಇಲ್ಲ — ಒಣ.

ಇದು ಸೋರಿಕೆಯಲ್ಲ, ಉಸಿರು. ನಮ್ಮದೇ ಉಸಿರು ಹೋಗಲು ದಾರಿಯಿಲ್ಲದೆ ತಣ್ಣನೆ ಪಟ್ಟಿಗೆ ತಾಗಿ ನೀರಾಗಿದೆ. ತಿಳಿ ನೀರು. ಅದಕ್ಕೇ ನೀಲಿ ಇರಲಿಲ್ಲ. ನಾನು ಒಂದೊಂದೇ ತೂತು ಮುಚ್ಚುತ್ತಾ ಬಂದೆ, ಅದು ಒಂದೊಂದೇ ಲೋಟ ಹೆಚ್ಚುತ್ತಾ ಬಂತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದು ಎಂದರೆ ಇದೇ.

ಎಂಟನೇ ತಾರೀಕಿನ ಪುಟದಲ್ಲಿ ನನ್ನದೇ ಅಕ್ಷರ: 'ಗಾಳಿಯ ದೂರು ಬರೀ ಅಭ್ಯಾಸದ ವಿಷಯ.' ಎರಡು ಸಲ ಓದಿದೆ.

ಅಕ್ಟೋಬರ್ 20, ಸೋಮವಾರ

ಅವಳಿಗೆ ಹೇಳಿದೆ. ಬೆಳಗ್ಗೆ, ಅವಳು ಲ್ಯಾಬಿಗೆ ಹೊರಡುವ ಹೊತ್ತಿಗೆ. ಟವೆಲ್ಲಿನ ಮಾತು ತಪ್ಪು ಅಂದೆ. ಫ್ಲಾಸ್ಕಿನದೂ. ನೀರು ಹೊರಗಿನದಲ್ಲ, ನಾವಿಬ್ಬರೂ ಬಿಡುವ ಉಸಿರು ಅಂದೆ.

ಅವಳು ಚಪ್ಪಲಿ ಮೆಟ್ಟುತ್ತಿದ್ದವಳು ಹಾಗೇ ನಿಂತಳು.

"ಸರಿ. ಹಾಗಾದ್ರೆ ಈಗ ನಾನು ಉಸಿರಾಡೋದನ್ನ ನಿಲ್ಲಿಸ್ಬೇಕಾ?"

"ಇಲ್ಲ. ಬಾಗಿಲಿಗೆ ತೂತು ಕೊರೀತೀನಿ."

"ಯಾವ ಬಾಗಿಲಿಗೆ? ಇಷ್ಟು ದಿನ ಮುಚ್ಚಿದ್ದಕ್ಕಾ?"

ಹೌದು ಅಂದೆ. ಇನ್ನೇನಾದರೂ ಹೇಳುತ್ತಾಳೆ ಎಂದು ಕಾದೆ. ಗಾಳಿ ಸಾಲದು ಎಂದು ಅವತ್ತೇ ಹೇಳಿದ್ದೆ ಎನ್ನಬಹುದಿತ್ತು. ಎನ್ನಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೋದಳು. ಪೈಪ್ ಒಡೆದಾಗ ಹೋದದ್ದರ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೆ ಸಿಲಿಕೋನ್ ಇಲ್ಲ.

ಅಕ್ಟೋಬರ್ 22, ಬುಧವಾರ

ಕೋಲ್ಡ್ ಸ್ಟೋರೇಜಿನ ಮೆಕ್ಯಾನಿಕ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಪಟ್ಟಿಗಳ ನಡುವೆ ಮಾತ್ರ ಫೋಮ್ ಹಾಕಿದ್ದೀರಾ ಎಂದ. ಹೌದು. ಪಟ್ಟಿಯ ಮೇಲೆ? ಇಲ್ಲ. ಅವನು ತನ್ನ ಶೀತಕೋಣೆಯ ಬಾಗಿಲು ತೆರೆದು ಅಂಚು ತೋರಿಸಿದ. ಹೊರತಗಡು, ಫೋಮ್, ಒಳತಗಡು. ಆ ಕಡೆಯಿಂದ ಈ ಕಡೆಗೆ ಎಲ್ಲಿಯೂ ಕಬ್ಬಿಣ ದಾಟುವುದಿಲ್ಲ. ಚಳಿಗೆ ನೀವೇ ಸೇತುವೆ ಕಟ್ಟಿಕೊಟ್ಟಿದ್ದೀರಿ ಸ್ವಾಮಿ ಎಂದ. ಪಟ್ಟಿ ಸೇರಿಸಿ ಬಾಗಿಲ ಪೂರ್ತಿ ಅಗಲಕ್ಕೆ ಒಂದು ಹಾಳೆ ಹಾಕಬೇಕು. ಅರ್ಧ ಅಂಗುಲದ್ದು ಸಾಕು.

ಮೂರನೇ ಸಲ ಪ್ಲೈವುಡ್ ಬಿಚ್ಚಿದೆ. ಸ್ಕ್ರೂ ತೂತುಗಳೆಲ್ಲ ಸಡಿಲ.

ಅಕ್ಟೋಬರ್ 24, ಶುಕ್ರವಾರ

ಹಾಳೆ ಹಾಕಿಯಾಯಿತು. ಸಂದುಗಳಿಗೆ ಬೆಳ್ಳಿ ಟೇಪು. ಮೇಲೆ ಪ್ಲೈವುಡ್. ಬಾಗಿಲು ಮುಚ್ಚಲು ಹೋದರೆ — ಅರ್ಧ ಅಂಗುಲ ದಪ್ಪಗಾಗಿದೆ — ಮತ್ತೆ ಹಾಸಿಗೆಯ ಹಲಗೆಗೆ ಬಡಿಯಿತು. ಅಳತೆ ಮಾಡಿಯೇ ಇದ್ದೆ. ಪ್ಲೈವುಡ್ಡಿನ ಅಂಚಿಗೆ ಹೊಡೆದಿದ್ದ ಮರದ ರೀಪು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗರಗಸ ತೆಗೆದು ಆ ಹಲಗೆಯನ್ನೇ ಒಂದಂಗುಲ ಕೊಯ್ದೆ. ಹಾಸಿಗೆ ಈಗ ನಾಲ್ಕು ಅಡಿಗೆ ಒಂದಂಗುಲ ಕಡಿಮೆ. ಆ ಒಂದಂಗುಲ ನನ್ನ ಕಡೆಯದು ಎಂದು ಇಟ್ಟುಕೊಳ್ಳಬೇಕು.

ಅಕ್ಟೋಬರ್ 25, ಶನಿವಾರ. ಸಂಜೆ 5

ಚಾವಣಿಯ ಮುಚ್ಚಳದ ಸಿಲಿಕೋನ್ ಕೆರೆದು ತೆಗೆದೆ. ಅದು ಮೂರು ಗಂಟೆ. ಗಾಳಿ ಮೇಲಿನಿಂದ ಹೋಗಬೇಕಾದರೆ ಕೆಳಗಿನಿಂದ ಬರಬೇಕು. ಬಲ ಬಾಗಿಲಿನ ಕೆಳಗೆ, ಕಾಲಿನ ದಿಕ್ಕಿಗೆ, ನಾಲ್ಕಂಗುಲದ ವೃತ್ತ ಗುರುತು ಹಾಕಿದೆ. ಹೊಸ ಹಾಳೆ, ಹೊಸ ಟೇಪು, ಮೂರು ಸಲ ಬಿಚ್ಚಿ ಕೂಡಿಸಿದ ಬಾಗಿಲು. ಡ್ರಿಲ್ ಹಿಡಿದು ನಿಂತೇ ಇದ್ದೆ.

ಭಾವಮೈದುನ ಬಂದಿದ್ದ. "ಭಾವ, ಇಷ್ಟು ವರ್ಷ ತೂತು ಮುಚ್ಚಿದ ಕೈ. ಕೊರೆಯೋಕೆ ಒಪ್ಪಲ್ಲ ಅಲ್ವಾ? ಕೊಡಿ ಇಲ್ಲಿ."

ಕೊಡಲಿಲ್ಲ. ನಾನೇ ಕೊರೆದೆ. ಪ್ಲೈವುಡ್, ಫೋಮ್, ಫೋಮ್, ತಗಡು. ತಗಡು ಕಿರುಚಿತು. ಆಮೇಲೆ ದುಂಡನೆಯ ಬೆಳಕು, ಅದರಲ್ಲಿ ಮೇಷ್ಟ್ರ ಗೋಡೆಯ ನೀಲಿ. ಜಾಲರಿ, ಜರುಗುವ ಮುಚ್ಚಳ ಕೂಡಿಸಿದೆ.

ಅವಳು ಇವತ್ತು ಬರುತ್ತಾಳೆ. ಒಂದು ಷರತ್ತು: ರಾತ್ರಿ ಬಾಗಿಲಿನ ಸುದ್ದಿ ಎತ್ತಬಾರದು.

ಅಕ್ಟೋಬರ್ 26, ಭಾನುವಾರ. ಬೆಳಗ್ಗೆ 7.10

ಟ್ರೇಲರಿನಲ್ಲೇ ಬರೆಯುತ್ತಿದ್ದೇನೆ. ಅವಳು ಇನ್ನೂ ನಿದ್ದೆಯಲ್ಲಿದ್ದಾಳೆ. ಬಾಗಿಲಿನ ಸುದ್ದಿ ಎತ್ತಲಿಲ್ಲ. ಬೇರೆ ಏನು ಮಾತಾಡುವುದು ಎಂದು ಮೊದಲು ಹೊಳೆಯಲಿಲ್ಲ. ಲ್ಯಾಬಿನ ಹೊಸ ಮೇಡಮ್ ಬಗ್ಗೆ ಅವಳೇ ಹೇಳಿದಳು. ಸೂಜಿ ಕಂಡರೆ ತಾನೇ ಕಣ್ಣು ಮುಚ್ಚಿಕೊಳ್ಳುತ್ತಾಳಂತೆ. ನಕ್ಕೆವು. ಎಷ್ಟು ಹೊತ್ತಿಗೆ ನಿದ್ದೆ ಬಂತೋ.

ಚಳಿ ಇದೆ, ಮೂಗಿನ ತುದಿಗೆ ಮಾತ್ರ. ಹೊದಿಕೆ ಬೆಚ್ಚಗಿದೆ. ಚಾವಣಿ ಒಣ. ಬಲ ಬಾಗಿಲು ಒಣ. ಪಕ್ಕೆಲುಬು ಇಲ್ಲ. ಎಡ ಬಾಗಿಲು… ಅವಳ ಮೇಲಿಂದ ಬಗ್ಗಿ ನೋಡಿದೆ.

ಕೆಳಗಿನ ಕೀಲಿನ ಹತ್ತಿರ, ಅವಳ ದಿಂಬಿನಿಂದ ಒಂದು ಗೇಣು ಆಚೆ, ಒದ್ದೆ. ಹೆಬ್ಬೆರಳಿನಷ್ಟು ಅಗಲ. ಕೀಲಿನ ಬೋಲ್ಟು ಹೊರಗಿನಿಂದ ಒಳಗೆ ಬಂದಿದೆ, ಅದನ್ನು ಮರೆತಿದ್ದೆ.

ಬಟ್ಟೆ ಕೈಗೆ ಎಟುಕುವಲ್ಲಿದೆ. ಒಂದು ಸಲ ಒರೆಸಿದರೆ ಮುಗಿಯಿತು. ಎಂಟಕ್ಕೆ ಅಕ್ಕನ ಫೋನು.

7.25

ಬಟ್ಟೆ ತೆಗೆದುಕೊಂಡೆ. ಕೆಳಗಿಟ್ಟೆ. ಮತ್ತೆ ತೆಗೆದುಕೊಂಡೆ. ಇಷ್ಟು ವರ್ಷ ರಿಪೋರ್ಟಿನಲ್ಲಿ ಒಂದು ಹನಿ ಬಚ್ಚಿಟ್ಟವನಲ್ಲ. ಆದರೆ ಆ ರಿಪೋರ್ಟುಗಳಲ್ಲಿ ನನ್ನದೇನೂ ಹೋಗುತ್ತಿರಲಿಲ್ಲ.

7.50

ಅವಳು ಎಚ್ಚರಾಗಿಯೇ ಇದ್ದಳಂತೆ. ಎಷ್ಟು ಹೊತ್ತಿನಿಂದಲೋ. ಕಣ್ಣು ತೆರೆಯದೆ ಕೇಳಿದಳು.

"ಒರೆಸಿಬಿಡೋಣ ಅಂತ ಯೋಚನೆ ಮಾಡ್ತಿದ್ದೀರಾ?"

"ಹೂಂ."

"ಮತ್ತೆ ಯಾಕೆ ಒರೆಸಲಿಲ್ಲ?"

ಗೊತ್ತಿಲ್ಲ ಅಂದೆ. ನೋಡು, ಅಲ್ಲಿ ಕೀಲಿನ ಹತ್ತಿರ ಇನ್ನೂ ಸ್ವಲ್ಪ ಇದೆ ಅಂದೆ. ಅವಳು ಮಗ್ಗುಲಾಗಿ ಅಂಗೈಯನ್ನು ಬಾಗಿಲಿಗೆ ಊರಿದಳು. ಮೇಲೆ, ನಡುವೆ, ಕೆಳಗೆ. ನರ್ಸು ಜ್ವರ ನೋಡುವ ಹಾಗೆ, ನಿಧಾನವಾಗಿ. ಕೀಲಿನ ಹತ್ತಿರ ಕೈ ನಿಂತಿತು. ಒದ್ದೆ ಬೆರಳನ್ನು ನನ್ನ ತೋಳಿಗೆ ಒರೆಸಿದಳು. ದಿಂಬು ಎತ್ತಿ ಮೂಲೆ ಹಿಸುಕಿ ನೋಡಿದಳು. ಒಂದು ಸಲ ಕೆಮ್ಮಿದಳು. ನಾನು ಎಣಿಸುತ್ತಾ ಕುಳಿತೆ. ಎರಡನೆಯದು ಬರಲಿಲ್ಲ.

ಆಮೇಲೆ ಚಿಲಕ ಸರಿಸಿ ಎಡ ಬಾಗಿಲನ್ನು ಒಂದು ಮೊಳ ತೆರೆದಳು. ಕೆರೆ ಇಲ್ಲ, ನಮ್ಮದೇ ಅಂಗಳ, ಪಕ್ಕದ ಮನೆಯ ಗೋಡೆ. ಹೊದಿಕೆ ಗಲ್ಲದವರೆಗೆ ಎಳೆದುಕೊಂಡು ಅದನ್ನೇ ನೋಡುತ್ತಾ ಮಲಗಿದಳು. ಮುಖ ನನಗೆ ಕಾಣುವುದಿಲ್ಲ.

8.02

ಫೋನು. ಅವಳು ಎತ್ತಿದಳು. ಅಕ್ಕನ ದನಿ ನನಗೂ ಕೇಳಿಸುತ್ತಿದೆ. ಮಂಚದ ವಿಷಯ. ಇವಳು ಹೂಂ, ಹೂಂ ಎನ್ನುತ್ತಿದ್ದಾಳೆ.

"ಇಲ್ಲ ಅಕ್ಕ. ಪೂರ್ತಿ ಒಣಗಿಲ್ಲ," ಎಂದಳು. ಕಾಲಿನಿಂದ ನನ್ನ ಕಾಲನ್ನು ತಳ್ಳಿ ಜಾಗ ಮಾಡಿಕೊಂಡಳು.

"ಆ ಮಂಚ ಬೇರೆ ಯಾರಿಗಾದ್ರೂ ಕೊಡು. ನಾವು ಶನಿವಾರ ಬೆಳಗ್ಗೆ ಬೇಗ ಹೊರಟು—"

ನನ್ನ ಕಡೆ ತಿರುಗಿ, ಆ ಪುಸ್ತಕ ಮುಚ್ಚಿ ಎಂದು ಸನ್ನೆ ಮಾಡುತ್ತಿದ್ದಾಳೆ. ಮುಚ್ಚುತ್ತಿದ್ದೇನೆ.